ಖಾಲಿ ಬಂದ ಬುತ್ತಿಯ ಅರಿವೆ

ನಲ್ಲಿಗೆ ನೀರು ಬಂದಿತ್ತು. ಶಹಾಪುರದ ನಮ್ಮ ಓಣಿಯಲ್ಲಿ ನೀರು ಬಂತೆಂದರೆ ಹೆಂಗಸರು ಒಲೆಯ ಮೇಲಿನ ಸಾರನ್ನೂ ಮರೆಯುತ್ತಾರೆ. ನಾನು ಕೊಡ ತುಂಬಿಸುತ್ತಿದ್ದಾಗ ಯಜಮಾನರು ಬಂದು, "ಏ, ಕೇಳಿಲ್ಲಿ. ನಾರಾಯಣಪುರ ಡ್ಯಾಮಿನಿಂದ ನೀರು ಬಿಟ್ಟಾರ. ನಮ್ಮ ಹಳ್ಯಾಗ ಈ ಸಲ ದೊಡ್ಡ ಮನೀಗೂ ಹೊಳಿ ಹೊಕ್ಕೈತಂತ," ಎಂದರು.

"ಖರೇನ? ಆ ಮನೀ ಯಜಮಾನಿ ಎಲ್ಲಿದಾಳ?"

"ಸಾಲ್ಯಾಗ. ಎಲ್ಲಾರ ಜೋಡಿ. ಕೊಡ ತುಂಬಿ ಹರಿಯಾಕತ್ತೈತಿ, ನೋಡು."

ಒಳಗೆ ಹೋಗಿ ದೇವರ ಮುಂದೆ ದೀಪ ಹಚ್ಚಿದೆ. ಹಳ್ಳಿಯವರನ್ನು ಕಾಪಾಡಪ್ಪಾ ಎಂದು ಬೇಡಿಕೊಂಡೆ, ಅವಳೊಬ್ಬಳನ್ನು ಬಿಟ್ಟು. ದೇವರ ಮುಂದೆ ಸುಳ್ಳಾಡುವ ರೂಢಿ ನನಗಿಲ್ಲ.

ಮೊದಲು ನಾವು ತಿಂಥಣಿಯ ಹತ್ತಿರ ಹೊಳೆದಂಡೆಯ ಆ ಹಳ್ಳಿಯಲ್ಲೇ ಇದ್ದೆವು. ಒಂದು ಮಳೆಗಾಲ ನಮ್ಮ ಮಣ್ಣಿನ ಮನೆ ಹೊಳೆಗೆ ಹೋಯಿತು. ಮಕ್ಕಳನ್ನು ಕಟ್ಟಿಕೊಂಡು ಶಾಲೆ ಸೇರಿದೆವು. ಸುರಪುರದಿಂದ, ಯಾದಗಿರಿಯಿಂದ, ಗುರುತೇ ಇಲ್ಲದ ಹೆಂಗಸರು ಬಡಿದು ಕಳಿಸಿದ ಕಟಕ ರೊಟ್ಟಿ, ಶೇಂಗಾ ಚಟ್ನಿ ತಿಂದು ಬದುಕಿದೆವು. ಚಿಕ್ಕವಳು ಜ್ವರದಲ್ಲಿ ನಡುಗುವಾಗ ಯಾರದೋ ಮನೆಯ ಹಳೆಯ ಚಾದರ ಬಂತು. ನೀರು ಇಳಿದ ಮೇಲೆ ಸೂರಿಗೆ ತಗಡು ಬಂದವು. ಪಾತ್ರೆಗಳ ಗಂಟಿನಲ್ಲಿ ನನಗೊಂದು ರೊಟ್ಟಿ ಹಂಚು ಸಿಕ್ಕಿತು. ಅದೇ ಹಂಚು ಹೊತ್ತು ಶಹಾಪುರಕ್ಕೆ ಬಂದು, ಖಾನಾವಳಿಗಳಿಗೆ ರೊಟ್ಟಿ ಮಾಡಿಕೊಟ್ಟು ಸಂಸಾರ ನಿಲ್ಲಿಸಿದೆ. ಒಂದೊಂದನ್ನೂ ದಿನಾ ದೇವರ ಮುಂದೆ ನೆನೆಯುತ್ತೇನೆ.

ಇನ್ನೊಂದನ್ನೂ ನೆನೆಯುತ್ತೇನೆ. ದೊಡ್ಡ ಮನೆ ದಿಬ್ಬದ ಮೇಲಿತ್ತು, ಆಗ ಅದಕ್ಕೆ ನೀರು ಬಂದಿರಲಿಲ್ಲ. ಅದರ ಯಜಮಾನಿ ತಾನೂ ಒಂದು ಬುತ್ತಿ ತಂದುಕೊಟ್ಟಳು. ಮರುದಿನ ಅದನ್ನು ಕಟ್ಟಿದ್ದ ಅರಿವೆ ಕೇಳಿದಳು. ನಮ್ಮ ಕಡೆ ಬುತ್ತಿಯ ಅರಿವೆಯನ್ನು ಬರಿದಾಗಿ ತಿರುಗಿಸುವುದಿಲ್ಲ, ಹಿಡಿ ಜೋಳವನ್ನೋ ಚಿಟಿಕೆ ಸಕ್ಕರೆಯನ್ನೋ ಕಟ್ಟಿಯೇ ಕೊಡಬೇಕು. ನನ್ನ ಹತ್ತಿರ ಏನಿತ್ತು? ತೊಳೆದು, ಮಡಚಿ, ಖಾಲಿಯೇ ಕೊಟ್ಟೆ. ಅವಳು ಅದನ್ನು ಎತ್ತಿ ಹಿಡಿದು ಎಲ್ಲರೆದುರು ಝಾಡಿಸಿದಳು. "ನೋಡ್ರೆವ್ವಾ, ಒಂದು ಕಾಳರ ಬಿತ್ತೇನು? ತಿನ್ನಾಕ ಬರ್ತೈತಿ ಇಕಿಗೆ, ಕೊಡೂ ಪದ್ಧತಿ ಬರಂಗಿಲ್ಲ."

ಜನ ನಕ್ಕರು. ನನ್ನ ಮಕ್ಕಳು ನೋಡುತ್ತಿದ್ದವು. ಮನೆ ಬಿದ್ದಾಗ ಅಳದವಳು ಅಂದು ಅತ್ತೆ.

ಈಗ ಓಣಿಯ ಹೆಂಗಸರೆಲ್ಲ ಸೇರಿ ಹಳ್ಳಿಗೆ ರೊಟ್ಟಿ ಬಡಿದೆವು. ಒಂದು ಬುತ್ತಿಯನ್ನು ಮಾತ್ರ ಯಾರಿಗೂ ಮುಟ್ಟಗೊಡಲಿಲ್ಲ. ಎಳ್ಳು ಹಚ್ಚಿದ ತೆಳ್ಳನೆಯ ರೊಟ್ಟಿ, ಶೇಂಗಾ ಚಟ್ನಿ, ಬೆಲ್ಲ ಇಟ್ಟು ನನ್ನದೇ ಅರಿವೆಯಲ್ಲಿ ಕಟ್ಟಿದೆ. "ಬೀಗರ ಮನೀಗೆ ಹೊಂಟೀಯೇನ?" ಎಂದು ಬಾಜೂ ಮನೆಯಾಕೆ ಅಣಕಿಸಿದಳು.

"ಅದಕ್ಕಿಂತ ದೊಡ್ಡವರದಾರವ್ವಾ," ಎಂದೆ.

ಟೆಂಪೋದಲ್ಲಿ ಹೋದೆವು. ಅದೇ ಶಾಲೆ. ದೊಡ್ಡ ಮನೆಯಾಕೆ ಗೋಡೆಗೆ ಒರಗಿ ಕೂತಿದ್ದಳು, ಸೀರೆಯ ಅಂಚಿಗೆ ಕೆಸರು. ಬುತ್ತಿ ಮುಂದಿಟ್ಟೆ. "ಉಣ್ರಿ ಅಕ್ಕಾರ. ನಾನು ಕುಂತಿರ್ತೇನಿ. ಅರಿವಿ ತಿರುಗಿ ಒಯ್ಯಬೇಕು."

ಗುರುತು ಹಿಡಿದಳು. ಕಣ್ಣಿನಲ್ಲೇ ತಿಳಿಯಿತು. ಮೊದಲು ಕೈ ಹಾಕಲಿಲ್ಲ, ಹಸಿವು ಹಾಕಿಸಿತು. ಬೆಲ್ಲವನ್ನು ಬಾಜೂ ಇದ್ದ ಮೊಮ್ಮಗಳಿಗೆ ಕೊಟ್ಟಳು. ಉಳಿದ ರೊಟ್ಟಿಯನ್ನು ಸೆರಗಿಗೆ ಹಾಕಿಕೊಂಡು ಅರಿವೆ ಮಡಚಿದಳು. ಅತ್ತಿತ್ತ ನೋಡಿದಳು, ಏನಾದರೂ ಇಡಲು ಸಿಗುತ್ತದೆಯೇ ಎಂದು.

"ಏನೂ ಇಲ್ಲಬೇ," ಎಂದಳು. "ನಿನ್ನ ರೊಟ್ಟೀನ ಒಂದು ಇಟ್ಟು ಕೊಡ್ಲೇನು?"

"ಬ್ಯಾಡ್ರಿ. ಖಾಲೀನ ಕೊಡ್ರಿ."

ಕೊಟ್ಟಳು. ನಾನು ಎದ್ದು ನಿಂತು, ಅರಿವೆ ಬಿಚ್ಚಿ, ಎಲ್ಲರೆದುರು ಎರಡು ಸಲ ಝಾಡಿಸಿದೆ. ಚೂರು ಉದುರಿದವು. "ಯವ್ವಾ, ಆ ಕಡೆ ಝಾಡಸ, ನನ್ನ ಸಾರಿನ್ಯಾಗ ಬೀಳಾಕತ್ತಾವ," ಎಂದು ಒಬ್ಬ ಮುದುಕಿ ಬೈದಳು. ಹಳೆಯ ಮಾತು ಮರೆತಿದ್ದ ಹಳ್ಳಿಯವರಿಗೆ ಏನೂ ತಿಳಿಯಲಿಲ್ಲ. ತಿಳಿಯಬೇಕಾದವಳಿಗೆ ತಿಳಿಯಿತು. ತಲೆ ತಗ್ಗಿಸಿದಳು.

ತಿರುಗಿ ಬರುವಾಗ ಟೆಂಪೋದಲ್ಲಿ, ನನ್ನ ಹಳೆಯ ಕಥೆಯೆಲ್ಲ ಗೊತ್ತಿದ್ದ ನಮ್ಮ ಓಣಿಯ ಹಿರಿಯಾಕೆ ಕೇಳಿದಳು, "ಈಗರ ತಣ್ಣಗಾತೇನು ನಿನ್ನ ಹೊಟ್ಟಿ?"

"ಇನ್ನೂ ಇಲ್ಲರಿ."

ಆಗಿರಲಿಲ್ಲ. ಅವಳು ಉಪವಾಸ ಬಿದ್ದರೆ ನನಗೇನು ಬಂತು? ನೀರು ಇಳಿಯುವ ತನಕ ಅವಳೂ ಅವಳ ಮೊಮ್ಮಗಳೂ ನನ್ನ ಕೈಯ ರೊಟ್ಟಿ ತಿನ್ನಬೇಕು, ದಿನಾ, ಹೊಟ್ಟೆ ತುಂಬ. ದಿನಾ ನನಗೆ ಖಾಲಿ ಅರಿವೆ ಕೊಡಬೇಕು. ಕೊಡುವಷ್ಟು ಜೋಳ ನನ್ನ ಮನೆಯಲ್ಲಿದೆ. ಅದೂ ದೇವರ ದಯೆಯೇ.

ಮನೆಗೆ ಬಂದು ಕೈಕಾಲು ತೊಳೆದು, ನಾಳಿನ ಹಿಟ್ಟಿಗೆ ಜೋಳ ಹಸನು ಮಾಡಲು ಕೂತೆ.