ರೋಗಿಯ ಜೊತೆ ನಿಂತ ವೈದ್ಯೆ

ಎದ್ದು ನಿಂತೊಡನೆ ಎದೆಬಡಿತ ಏರಿ, ಕಣ್ಣು ಕತ್ತಲೆಗಟ್ಟಿ, ನಿಲ್ಲುವುದೇ ಒಂದು ದುಡಿಮೆಯಾಗಿಬಿಡುವ ಕಾಯಿಲೆಯನ್ನು ನಮ್ಮ ವೈದ್ಯವೃಂದ ಬಹಳ ಕಾಲ ‘ಗಾಬರಿ’ ಎಂದು ಕರೆದು ಕೈತೊಳೆದುಕೊಂಡಿತ್ತು. ಅದನ್ನು ಕಾಯಿಲೆಯೆಂದೇ ಒಪ್ಪಿ ಬೆನ್ನುಹತ್ತಿದ ವಿರಳರಲ್ಲಿ, ಈ ವರ್ಷ ನಿವೃತ್ತರಾಗುತ್ತಿರುವ ನಮ್ಮ ಗುರುಗಳು ಅಗ್ರಗಣ್ಯರು. ವಾರ್ಡಿನಲ್ಲಿ ನಾವು ಅವರಿಗಿಟ್ಟ ಹೆಸರು ‘ಯಾಕಮ್ಮ’. ಅದು ಅವರಿಗೆ ಗೊತ್ತಿತ್ತು. ಯಾಕೆ ಇಟ್ಟಿರಿ ಎಂದೂ ಕೇಳಿದ್ದರು.

ರೋಗಿಯನ್ನು ಮಲಗಿಸಿ ನಾಡಿ ನೋಡಿ, ಬಳಿಕ ನಿಲ್ಲಿಸಿ ನೋಡುವ ಪರೀಕ್ಷೆಯನ್ನು ಬೇರೆಯವರು ನರ್ಸಿಗೆ ಒಪ್ಪಿಸಿ ಹೋಗುತ್ತಿದ್ದರು. ಇವರು ಮಾತ್ರ ರೋಗಿಯ ಪಕ್ಕದಲ್ಲಿ, ಗೋಡೆಗೂ ಒರಗದೆ, ಮುಗಿಯುವವರೆಗೆ ನಿಲ್ಲುತ್ತಿದ್ದರು. ಕುರ್ಚಿ ತಂದುಕೊಟ್ಟರೆ, ‘ಅವರು ನಿಂತಿರುವಾಗ ನಾನು ಕೂತ್ರೆ ನನಗೇನು ಕಾಣುತ್ತೆ?’ ಎನ್ನುತ್ತಿದ್ದರು.

ನಾನು ಅವರಲ್ಲಿ ತರಬೇತಿಗೆ ಸೇರಿದ ವರ್ಷವೇ ನನ್ನ ಅತ್ತಿಗೆ ಅವರ ರೋಗಿಯಾದರು. ಅತ್ತಿಗೆಯದು ಕೂದಲು ಕತ್ತರಿಸುವ ಅಂಗಡಿ. ದಿನವಿಡೀ ನಿಲ್ಲುವುದೇ ಕಸುಬು. ಒಂದು ತಲೆ ಮುಗಿಯುವಷ್ಟರಲ್ಲಿ ಮೇಜು ಹಿಡಿದು ಕುಸಿಯುವ ಸ್ಥಿತಿ ಬಂದಿತ್ತು. ನೋಡಿದವರೆಲ್ಲ ಹಿಮೋಗ್ಲೋಬಿನ್ ಚೆನ್ನಾಗಿದೆ, ಮನಸ್ಸು ಗಟ್ಟಿ ಮಾಡಿಕೊಳ್ಳಿ ಎಂದಿದ್ದರು. ಅಂಗಡಿ ಮುಚ್ಚುವ ಮಾತು ಮನೆಯಲ್ಲಿ ಶುರುವಾಗಿತ್ತು. ‘ಅದನ್ನೂ ಬಿಟ್ರೆ ನಾನು ಅಂತ ಏನು ಉಳಿಯುತ್ತೆ ಹೇಳಪ್ಪ?’ ಎಂದು ಕೇಳಿದ ಅತ್ತಿಗೆಯನ್ನು ಮರುದಿನವೇ ನಮ್ಮ ಗುರುಗಳಾದ ಮೇಡಂ ಬಳಿಗೆ ಕರೆದೊಯ್ದೆ.

ಮೇಡಂ ಅತ್ತಿಗೆಯ ಜೊತೆ ನಿಂತರು. ಎದೆಬಡಿತ ಏರುವುದನ್ನು ನೋಡಿದರು. ನಮ್ಮತ್ತ ತಿರುಗಿ, ‘ಅಡುಗೆಮನೆ ಡಬ್ಬ ತುಂಬಿದೆ, ಸರಿ. ಉಗ್ರಾಣ ನೋಡಿದೀರಾ?’ ಎಂದರು. ಫೆರಿಟಿನ್ ಪರೀಕ್ಷೆ ಮಾಡಿಸಿದೆವು; ದೇಹ ಕೂಡಿಟ್ಟುಕೊಂಡಿರಬೇಕಾದ ಕಬ್ಬಿಣ ತಳ ಕಂಡಿತ್ತು. ಸಿಕ್ಕಿತೆಂದು ನಾವು ಹಿಗ್ಗಿದರೆ, ಅವರು ‘ಯಾಕೆ? ಹೋಗಿದ್ದೆಲ್ಲಿಗೆ?’ ಎಂದರು. ಯಾರೂ ಕೇಳದಿದ್ದ ಮುಟ್ಟಿನ ಅತಿಸ್ರಾವದ ವಿಷಯ ಆಗ ಹೊರಬಿತ್ತು, ಅದಕ್ಕೂ ಚಿಕಿತ್ಸೆಯಾಯಿತು. ಕಬ್ಬಿಣದ ಮಾತ್ರೆ ಅತ್ತಿಗೆಯ ಹೊಟ್ಟೆಗೆ ಒಗ್ಗದೆ ಹೋದಾಗ ಡ್ರಿಪ್ ಮೂಲಕ ಕೊಡಿಸಿ, ಅದು ಇಳಿದು ಮುಗಿಯುವವರೆಗೂ ಬಂದು ಬಂದು ನೋಡಿದರು.

ಕೆಲವು ತಿಂಗಳಲ್ಲಿ ಅತ್ತಿಗೆ ಮತ್ತೆ ಕತ್ತರಿ ಹಿಡಿದರು. ಪೂರ್ತಿ ವಾಸಿಯಾಯಿತೆನ್ನಲಾರೆ, ಹೆಚ್ಚು ನೀರು, ಹೆಚ್ಚು ಉಪ್ಪು, ಬಿಗಿ ಕಾಲುಚೀಲ ಇಂದಿಗೂ ತಪ್ಪಿಲ್ಲ. ಈ ಕಾಯಿಲೆಗೆ ಕಬ್ಬಿಣವೇ ಮದ್ದೆಂದು ನಾನು ವೈದ್ಯರ ಸಭೆಯಲ್ಲಿ ಸಾರಹೊರಟಾಗ ಮೇಡಂ ತಡೆದರು. ‘ಕೊರತೆ ಇತ್ತು, ತುಂಬಿದ್ವಿ. ಎದೆಬಡಿತಕ್ಕೂ ಅದಕ್ಕೂ ಎಷ್ಟು ನಂಟು ಅಂತ ಇನ್ನೂ ಹುಡುಕಬೇಕು. ಒಬ್ಬರನ್ನ ನೋಡಿ ಊರಿಗೆಲ್ಲ ಡಂಗುರ ಹೊಡೀಬೇಡ.’ ಆ ಕುತೂಹಲವನ್ನು ಅವರು ನಮಗೂ ಅಂಟಿಸಿದ್ದಾರೆ. ಅದು ವಾಸಿಯಾಗುವ ಲಕ್ಷಣವಿಲ್ಲ.

ಬೀಳ್ಕೊಡುಗೆಯ ಬೆಳಿಗ್ಗೆ ಕೂದಲು ಸರಿಮಾಡಿಸಿಕೊಳ್ಳಲು ಮೇಡಂ ಅತ್ತಿಗೆಯ ಅಂಗಡಿಗೆ ಬಂದರು. ನಾನೂ ಜೊತೆಗಿದ್ದೆ. ಅಭ್ಯಾಸಬಲದಿಂದ ಕನ್ನಡಿಯ ಮುಂದೆ ನಿಂತೇ ಅತ್ತಿಗೆಯ ನಾಡಿ ಹಿಡಿದರು. ಅತ್ತಿಗೆ ಆ ಕೈಯನ್ನೇ ಹಿಡಿದು ಕುರ್ಚಿಯತ್ತ ಕರೆತಂದರು. ‘ಕೂತ್ಕೊಳ್ಳಿ ಮೇಡಂ. ಇವತ್ತು ನಾನು ನಿಂತ್ಕೋತೀನಿ.’

ಮೇಡಂ ಕೂತರು. ಅವರು ನೂರ್ಕಾಲ ಬಾಳಲಿ. ಆ ಕುರ್ಚಿಯೊಂದನ್ನು ಬಿಟ್ಟು ಬೇರೆಲ್ಲೂ ಸುಮ್ಮನೆ ಕೂರದಿರಲಿ.