ಹಳ್ಳದ ಆಚೆ ಹೆರಬೇಕು

ಲಿಕಾಪಾ ಹಳ್ಳಿಯಲ್ಲಿ ಎನೆಲೆಸಿ ಅಜ್ಜಿಯನ್ನು ಎದುರು ಹಾಕಿಕೊಳ್ಳುವ ಗಂಡಸೇ ಇರಲಿಲ್ಲ. ಇರುವುದಾದರೂ ಹೇಗೆ? ನಲವತ್ತರ ಕೆಳಗಿನವರೆಲ್ಲ ಬೆತ್ತಲೆಯಾಗಿ ಅರಚುತ್ತ ಬಂದು ಬಿದ್ದದ್ದು ಅವಳ ಕೈಗೇ. ಊರ ಮುಖಂಡ ಒಂದಿಷ್ಟು ಜಂಭ ತೋರಿಸಿದರೆ ಸಾಕು, "ಏ ಸುಮ್ನಿರಪ್ಪ, ನೀನು ಕಾಲು ಮುಂದಾಗಿ ಬಂದೋನು. ಅವತ್ತಿಂದ್ಲೂ ನಿಂದು ಉಲ್ಟಾನೇ" ಎಂದುಬಿಡುತ್ತಿದ್ದಳು. ಹೆಂಗಸರು ಬಿದ್ದು ಬಿದ್ದು ನಗುತ್ತಿದ್ದರು. ಮುಖಂಡನೂ ನಗುತ್ತಿದ್ದ, ಇನ್ನೇನು ಮಾಡಿಯಾನು ಪಾಪ.

ಇಂಥ ಅಜ್ಜಿ ಸೂಲಗಿತ್ತಿ ಕೆಲಸ ಬಿಟ್ಟದ್ದು ಮಾಲಿಟಾ ಸತ್ತ ಮೇಲೆ. ಪಕ್ಕದ ಮನೆಯ ಸೊಸೆ ಮಾಲಿಟಾ ಎನೆಲೆಸಿಯ ಮನೆಯಲ್ಲೇ, ಅವಳ ಚಾಪೆಯ ಮೇಲೆ ಹೆತ್ತಳು, ಮಗುವೂ ಅತ್ತಿತು, ಆದರೆ ರಕ್ತ ನಿಲ್ಲಲಿಲ್ಲ. ಎನೆಲೆಸಿ ಬಟ್ಟೆ ಒತ್ತಿದಳು, ಬೇರು ಅರೆದು ಕುಡಿಸಿದಳು, ದೇವರನ್ನು ಬಾಯಿಗೆ ಬಂದಂತೆ ಬೈದಳು. ಬೆಳಕು ಹರಿಯುವಷ್ಟರಲ್ಲಿ ಹುಡುಗಿ ಅದೇ ಚಾಪೆಯ ಮೇಲೆ ತಣ್ಣಗಾದಳು. ಆಸ್ಪತ್ರೆ ಇದ್ದದ್ದು ಹಳ್ಳದ ಆಚೆ, ಮೂರು ಗಂಟೆಯ ನಡಿಗೆ.

ಆ ವರ್ಷವೇ ಹೆಂಗಸರು ಸಂಘ ಕಟ್ಟಿದರು. ಮಲಾವಿ ದೇಶದ ಆ ಮೂಲೆಗೆ ಯಾವ ಸರ್ಕಾರ ಬರಬೇಕು? ತಾವೇ ಒಟ್ಟಾಗಿ ಕಡಲೆಕಾಯಿ ಬೆಳೆದು, ಮಾರಿ, ಸೈಕಲ್ಲಿಗೆ ಕಟ್ಟಿ ಎಳೆಯುವ ಮಂಚದ ಗಾಡಿ ಮಾಡಿಸಿದರು. ಬಸಿರಾಗಿ ಶಾಲೆ ಬಿಟ್ಟ ಹುಡುಗಿಯರನ್ನು ಹೆತ್ತ ಮೇಲೆ ಮತ್ತೆ ಶಾಲೆಗೆ ಸೇರಿಸಿದರು. ಮುಖಂಡನ ಮುಂದೆ ಒಂದು ನಿಯಮವನ್ನೂ ಮಾಡಿದರು: ಇನ್ನು ಊರೊಳಗೆ ಹೆರಿಗೆ ಆಗಕೂಡದು, ಆದಲ್ಲಿ ಹೆತ್ತವಳ ಮನೆಯವರು ಒಂದು ಮೇಕೆ ದಂಡ ಕೊಡಬೇಕು. ಊರು ಎಂದರೆ ಹಳ್ಳದ ಈಚೆಗಿನದೆಲ್ಲ. ಮೊದಲು ಕೈ ಎತ್ತಿದವಳು ಎನೆಲೆಸಿಯೇ. ಅಂದಿನಿಂದ ಅವಳು ಊರಿನ ಗುಟ್ಟಿನ ತಾಯಿ. ಯಾರ ಹೊಟ್ಟೆಯಲ್ಲಿ ಕೂಸಿದೆ ಎಂದು ಎಲ್ಲರಿಗಿಂತ ಮೊದಲೇ ತಿಳಿದು, ಯಾರ ಕಣ್ಣೂ ಬೀಳದಂತೆ, ತಿಂಗಳು ತುಂಬುವ ಮೊದಲೇ ಆಸ್ಪತ್ರೆಯ ಪಕ್ಕ ಬಸುರಿಯರು ಕಾಯುವ ಗುಡಿಸಲಿಗೆ ಕಳಿಸುವುದು ಅವಳ ಕೆಲಸ.

ತಡಾಲಾಳ ವಿಷಯದಲ್ಲಿ ಮಾತ್ರ ತಿಂಗಳ ಲೆಕ್ಕ ತಪ್ಪಿತು. ಹದಿನೇಳರ ಹುಡುಗಿ, ತೀರಾ ವಿಧೇಯೆ. ಶಾಲೆಯಲ್ಲಿ ಗೊತ್ತಾದೀತೆಂದು ಬಸಿರನ್ನು ಬಿಗಿಯಾಗಿ ಕಟ್ಟಿ ಮುಚ್ಚಿಟ್ಟಿದ್ದಳು. ಫೆಬ್ರವರಿಯ ಒಂದು ಬೆಳಗ್ಗೆ, ಎಡೆಬಿಡದೆ ಸುರಿಯುವ ಮಳೆಯಲ್ಲಿ, ತಾಯಿ ಫಲೆಸಿಯ ಹೆಗಲು ಹಿಡಿದು ಎನೆಲೆಸಿಯ ಬಾಗಿಲಲ್ಲಿ ಬಂದು ನಿಂತಳು.

"ನೋಯ್ತಿದೆ ಅಜ್ಜಿ."

"ಯಾವಾಗಿಂದ?"

"ನಿನ್ನೆ ಸಂಜೆಯಿಂದ."

"ಅಯ್ಯೋ ಹುಚ್ಚು ಮುಂಡೇದೇ! ಈಗ ಬಾಯಿ ಬಿಡ್ತಿದ್ದೀಯಾ?"

ಎನೆಲೆಸಿ ಹೊಟ್ಟೆಯ ಮೇಲೆ ಕೈ ಇಟ್ಟಳು. ಅವಳ ಕೈಗೆ ಯಾರೂ ಏನೂ ಹೇಳಿಕೊಡಬೇಕಿರಲಿಲ್ಲ. ಕೂಸು ದಾರಿ ಹಿಡಿದಾಗಿತ್ತು. ಒಳಗೆ ಒಲೆ ಉರಿಯುತ್ತಿತ್ತು, ನೀರು ಬಿಸಿಯಿತ್ತು, ಒಣಬಟ್ಟೆಯಿತ್ತು.

"ಇಲ್ಲೇ ಹಿಡ್ಕೊಂಬಿಡು ಅಜ್ಜಿ," ಎಂದಳು ತಡಾಲಾ. "ನಮ್ಮಮ್ಮನೂ ನಿನ್ನ ಕೈಗೇ ಹುಟ್ಟಿದ್ದಲ್ವಾ?"

"ಮೇಕೆ ಹೋದ್ರೆ ಹೋಗ್ಲಿ ಬಿಡು," ಎಂದಳು ಫಲೆಸಿ.

"ಇರೋದೊಂದು ಮೇಕೆ," ಎಂದಳು ಎನೆಲೆಸಿ. "ಮಾರೋಕೆ ಅದೂ ಇಲ್ದಿದ್ರೆ ಇವಳು ಸ್ಕೂಲಿಗೆ ಏನು ಹಾಕ್ಕೊಂಡು ಹೋಗ್ತಾಳೆ? ಯೂನಿಫಾರಂ ನೀನು ನೇಯ್ತೀಯಾ? ನಡೀರಿ, ಹಳ್ಳ ದಾಟಿದ್ರೆ ಗಾಡಿ ಇದೆ."

ಬಾಯಲ್ಲಿ ಮೇಕೆ ಎಂದಳು, ನಿಜ. ಆದರೆ ಅವಳು ಹೆದರಿದ್ದು ಮೇಕೆಗಲ್ಲ, ಚಾಪೆಗೆ. ಮಾಲಿಟಾ ಸತ್ತ ಆ ಚಾಪೆಯನ್ನು ಸುತ್ತಿ ಮೂಲೆಗಿಟ್ಟವಳು ಮತ್ತೆ ಬಿಚ್ಚಿರಲಿಲ್ಲ. ತನ್ನ ಕೈಯ ಮೇಲೆ ತನಗೇ ನಂಬಿಕೆ ಹೋದ ಮೇಲೆ ಮನುಷ್ಯರು ನಿಯಮವನ್ನಲ್ಲದೆ ಇನ್ನೇನನ್ನು ಹಿಡಿದುಕೊಳ್ಳಬೇಕು?

ಗಾಡಿ ಹಿಂದಿನ ದಿನವೇ ಇನ್ನೊಬ್ಬಳನ್ನು ಆಸ್ಪತ್ರೆಗೆ ಮುಟ್ಟಿಸಿ ಬಂದು, ಹಳ್ಳ ತುಂಬಿದ್ದರಿಂದ ಆಚೆ ದಡದಲ್ಲೇ ನಿಂತಿತ್ತು. ಮರದ ದಿಮ್ಮಿಯ ಮೇಲೆ ಮನುಷ್ಯರು ದಾಟಬಹುದು, ಗಾಡಿ ದಾಟದು. ಹಳ್ಳಕ್ಕೆ ಮುಕ್ಕಾಲು ಗಂಟೆಯ ದಾರಿ. ಸಂಘದ ಐದಾರು ಹೆಂಗಸರು ಓಡಿ ಬಂದರು. ಉಡುಪಿನ ಮೇಲೆ ಸುತ್ತಿಕೊಂಡಿದ್ದ ಬಟ್ಟೆಗಳನ್ನೇ ಬಿಚ್ಚಿ ತಡಾಲಾಳ ಸುತ್ತ ಮರೆ ಹಿಡಿದು, ಕೆಸರಿನಲ್ಲಿ ಜಾರುತ್ತ ನಡೆದರು.

ಅರ್ಧ ದಾರಿಯಲ್ಲಿ ಹುಡುಗಿ ಕುಕ್ಕರುಗಾಲಲ್ಲಿ ಕುಸಿದಳು. ಎನೆಲೆಸಿ ಬಗ್ಗಿ ನೋಡಿದಳು. ಕೂಸಿನ ನೆತ್ತಿ ಕಾಣುತ್ತಿತ್ತು.

"ತಡ್ಕೋ ನನ್ನವ್ವ, ಮುಕ್ಕರೀಬೇಡ. ಅಕೋ, ಹಳ್ಳ ಕಾಣ್ತಿದೆ. ಎದ್ದೇಳು."

"ಆಗ್ತಿಲ್ಲ ಅಜ್ಜಿ..."

"ಆಗುತ್ತೆ! ತಡ್ಕೋ ಅಂದ್ರೆ ತಡ್ಕೋಬೇಕು!"

ತಡಾಲಾ ಬಟ್ಟೆಯ ತುದಿಯನ್ನು ಹಲ್ಲಿನಲ್ಲಿ ಕಚ್ಚಿಕೊಂಡು ಎದ್ದಳು. ತೊಡೆ ಒತ್ತಿಕೊಂಡು ನಡೆದಳು. ಮತ್ತೆ ಒಂದು ಸಲವೂ ಆಗುವುದಿಲ್ಲ ಎನ್ನಲಿಲ್ಲ. ಮುಂದೆ ತಾಯಿ, ಹಿಂದೆ ಅಜ್ಜಿ, ನಡುವೆ ಅವಳು ದಿಮ್ಮಿಯ ಮೇಲೆ ಅಂಗುಲ ಅಂಗುಲವಾಗಿ ಹಳ್ಳ ದಾಟಿದಳು. ಆಚೆ ದಡದಲ್ಲಿ, ಗಾಡಿಗೆ ಹತ್ತು ಹೆಜ್ಜೆ ಇರುವಾಗ, ಕೂಸು ಎನೆಲೆಸಿಯ ಕೈಗೇ ಬಂತು. ಗಂಡು. ಹೊಕ್ಕುಳಬಳ್ಳಿ ಕೊರಳಿಗೆ ಎರಡು ಸುತ್ತು. ಮೈಯೆಲ್ಲ ನೀಲಿ.

ಬಳ್ಳಿ ಬಿಡಿಸಿದಳು. ಬಾಯಿಂದ ಲೋಳೆ ಹೀರಿ ಉಗಿದಳು, ಉಸಿರು ಊದಿದಳು, ಬೆನ್ನು ತಿಕ್ಕಿದಳು. ಕೂಸು ಉಸಿರಾಡಲಿಲ್ಲ. ಸುತ್ತಲಿದ್ದ ಬಟ್ಟೆಗಳಲ್ಲಿ ಒಣಗಿದ್ದು ಒಂದೂ ಇರಲಿಲ್ಲ. ಅಂಥ ಬಳ್ಳಿಯನ್ನು ಅವಳು ಎಷ್ಟು ಕೊರಳುಗಳಿಂದ ಬಿಡಿಸಿದ್ದಳೋ! ಒಂದು ಗಂಟೆ ಮೊದಲು, ತನ್ನ ಮನೆಯ ಒಲೆಯ ಪಕ್ಕ ಆಗಿದ್ದರೆ ಈ ಕೂಸೂ ಅಳುವಂತೆ ಮಾಡುತ್ತಿದ್ದಳು. ಅದು ಅವಳಿಗೆ ಖಂಡಿತ ಗೊತ್ತಿತ್ತು. ಗೊತ್ತಿದ್ದು ಏನು ಬಂತು?

ಅಲ್ಲಿನ ಪದ್ಧತಿಯಂತೆ ಹೆಸರಿಡದ ಕೂಸಿನ ಗುಣಿಯ ಹತ್ತಿರ ಗಂಡಸರು ಹೋಗುವಂತಿಲ್ಲ, ಯಾರೂ ಗಟ್ಟಿಯಾಗಿ ಅಳುವಂತಿಲ್ಲ. ಹೆಂಗಸರೇ ಗುಣಿ ತೋಡಿ, ಮಣ್ಣು ಮುಚ್ಚಿ, ಕೈ ತೊಳೆದುಕೊಂಡು ಬಂದರು.

ಎರಡು ತಿಂಗಳ ಮೇಲೆ ಪಟ್ಟಣದಿಂದ ಆರೋಗ್ಯ ಇಲಾಖೆಯ ಮೇಡಂ ಒಬ್ಬರು ಬಂದರು. ಅತ್ತಿಮರದ ಕೆಳಗೆ ಸಭೆ. ಊರೊಳಗೆ ಈ ವರ್ಷ ಒಂದೂ ಹೆರಿಗೆ ಆಗಿಲ್ಲ ಎಂದು ಮುಖಂಡ ಹೆಮ್ಮೆಯಿಂದ ಹೇಳಿದ, ಹೆಂಗಸರು ನಾಲಿಗೆ ಹೊರಳಿಸಿ ಲುಲುಲು ಎಂದು ಸಂಭ್ರಮದಿಂದ ಕೂಗಿದರು. ಎನೆಲೆಸಿಗೆ ಬಹುಮಾನವೆಂದು ಸೋಪು, ಬಟ್ಟೆ ಕೊಡಲು ಮುಂದೆ ಕರೆದರು. ಅವಳು ಕೈ ಚಾಚಲಿಲ್ಲ.

"ಈ ನಿಯಮ ತೆಗೀರಿ. ನನ್ನ ಮನೇಲಿ ಹೆತ್ತಿದ್ರೆ ಆ ಕೂಸು ಬದುಕ್ತಿತ್ತು."

ಮುಖಂಡ ಮೆಲ್ಲನೆ ಕೇಳಿದ, "ಅಜ್ಜಿ, ಮಾಲಿಟಾ ನಿನ್ನ ಮನೇಲೇ ಹೆತ್ತಿದ್ಲಲ್ಲ?"

ಚುಚ್ಚಬೇಕೆಂದು ಕೇಳಿದ್ದಲ್ಲ ಅದು. ನಿಯಮ ಬಂದ ಮೇಲೆ ಊರಲ್ಲಿ ಒಬ್ಬ ತಾಯಿಯೂ ಸತ್ತಿರಲಿಲ್ಲ, ಅದೂ ಸುಳ್ಳಲ್ಲ. ಊರಿಗೆಲ್ಲ ಉತ್ತರ ಕೊಡುತ್ತಿದ್ದ ಎನೆಲೆಸಿ ಇದ್ದಲ್ಲೇ ಕೂತಳು.

ಮೇಡಂ ಪುಸ್ತಕ ತೆರೆದು, "ಆ ಕೂಸಿನ ತಾಯಿ ಯಾರಮ್ಮಾ? ದಾರೀಲಿ ಏನಾಯ್ತು, ನೀನೇ ಹೇಳು" ಎಂದರು.

ಶಾಲೆಯ ಹೊಸ ಬಟ್ಟೆಯಲ್ಲಿದ್ದ ತಡಾಲಾ ಎದ್ದು, ಪಾಠ ಒಪ್ಪಿಸುವವಳಂತೆ ಕೈಕಟ್ಟಿ ನಿಂತಳು.

"ಅಜ್ಜಿ ತಡ್ಕೋ ಅಂದ್ರು. ತಡ್ಕೊಂಡೆ."

ಆಮೇಲೆ ಎನೆಲೆಸಿಯ ಕಡೆ ತಿರುಗಿದಳು. ಎರಡು ತಿಂಗಳಿಂದ ಒಳಗೇ ಇಟ್ಟುಕೊಂಡಿದ್ದ ಮಾತು ಹೊರಗೆ ಬಂತು.

"ನಾನು ಸರಿಯಾಗಿ ತಡ್ಕೊಳ್ಳಲಿಲ್ವಾ ಅಜ್ಜಿ?"