ಮೊದಲರ್ಧ ಅವರದು

ಸಂಜೆ ಜಪಸರ ಹೇಳುವಾಗ ಅವರ ದನಿ ಒಡೆಯಿತು. ಕೆಮ್ಮಿದರು. ನೀರು ಕುಡಿದು ಮತ್ತೆ ಶುರು ಮಾಡಿದರು.

"ಹೊಗೆಸೊಪ್ಪಿನ ಘಾಟು ಕಣೆ, ಬಿಡು," ಎಂದರು ನನ್ನ ಗಂಡ ಅಂತೋಣಿ. ಹುಣಸೂರಿನ ಸುತ್ತ ಆಗ ಬ್ಯಾರನ್ ಗೂಡುಗಳಲ್ಲಿ ಬೆಂಕಿ ಹಾಕಿ ಸೊಪ್ಪು ಹದ ಮಾಡುವ ಕಾಲ. ಒಗೆದ ಬಟ್ಟೆಗೂ ಅದೇ ವಾಸನೆ. ನಾನೂ ನಂಬಿದೆ. ಮೆಣಸಿನ ಕಷಾಯ ಕಾಯಿಸಿಕೊಟ್ಟೆ.

ಮದುವೆಯಾದಾಗಿನಿಂದ ನಮ್ಮ ಮನೆಯಲ್ಲಿ ಒಂದೇ ಕ್ರಮ. ಜಪಸರದ ಮಣಿ ಮಣಿಗೂ ಹೇಳುವ ನಮೋ ಮರಿಯ ಪ್ರಾರ್ಥನೆಯ ಮೊದಲರ್ಧ ಅವರದು, ಉತ್ತರ ನನ್ನದು. ಆತುರಪಡಬೇಡಿ, ಜೊತೆಯವರು ಮುಗಿಸುವ ತನಕ ಕಾಯಿರಿ ಎಂದು ಕಾನ್ವೆಂಟಿನಲ್ಲಿ ಸಿಸ್ಟರ್ ಹೇಳುತ್ತಿದ್ದರು. ಹಾಗೇ ಕಾಯುತ್ತಾ ಬಂದವಳು ನಾನು. ಈಗ ಅವರ ಭಾಗ ಪ್ರತಿದಿನವೂ ತಡವಾಗತೊಡಗಿತು.

ಮೈಸೂರಿನಲ್ಲಿ ಎಂಡೋಸ್ಕೋಪಿ, ಬಯಾಪ್ಸಿ ಎಲ್ಲ ಆಯಿತು. ಡಾಕ್ಟರು ನನ್ನ ಮುಖ ನೋಡದೆ ಪೆನ್ನಿನ ಕ್ಯಾಪು ಹಾಕಿ ತೆಗೆದು ಮಾಡುತ್ತಿದ್ದರು.

"ಕ್ಯಾನ್ಸರ್ ಅಮ್ಮಾ. ವಾಯ್ಸ್ ಬಾಕ್ಸ್ ಪೂರ್ತಿ ತೆಗೀಬೇಕಾಗುತ್ತೆ."

"ಮಾತು, ಡಾಕ್ಟ್ರೇ?"

"ಮೊದ್ಲು ಜೀವ ಉಳಿಸ್ಕೊಳೋಣ."

ನನ್ನ ಪ್ರಶ್ನೆಗೆ ಅದೇ ಉತ್ತರ.

ಆಪರೇಷನ್ನಿನ ಹಿಂದಿನ ಸಂಜೆ ವಾರ್ಡಿನಲ್ಲಿ ಪಿಸುದನಿಯಲ್ಲಿ ಜಪಸರ ಹೇಳಿದೆವು. ನಾನು ಮೊಬೈಲ್ ತೆಗೆದೆ. ಆ ದನಿಯನ್ನು ಇಟ್ಟುಕೊಳ್ಳುವ ಆಸೆ.

"ಒಳಗಿಡು ಮೇರಿ," ಎಂದು ನಕ್ಕರು. "ನಾಳೆಯಿಂದ ದೇವ್ರಿಗೆ ರೆಕಾರ್ಡ್ ಹಾಕ್ತೀಯೇನು?"

ಒಳಗಿಟ್ಟೆ.

ಆಮೇಲಿನದು ಬರೆಯಲು ಕೈ ಬರುವುದಿಲ್ಲ. ಕತ್ತಿನಲ್ಲಿ ಒಂದು ತೂತು. ಉಸಿರು ಅಲ್ಲಿಂದಲೇ. ಮೂಗಿನ ಟ್ಯೂಬಿನಲ್ಲಿ ಸಿರಿಂಜಿನಿಂದ ರಾಗಿ ಗಂಜಿ. ಸಕ್ಷನ್ ಹಾಕುವುದನ್ನು ನರ್ಸ್ ಕಲಿಸಿದರು. ಕಫ ಎಳೆಯುವಾಗ ಇವರ ಕಾಲ್ಬೆರಳುಗಳು ಮಡಚಿಕೊಳ್ಳುತ್ತಿದ್ದವು, ನಾನು ಅವನ್ನೇ ನೋಡುತ್ತಿದ್ದೆ. ನೋವಾದರೂ ಸದ್ದಿಲ್ಲ. ಅಳುವಿಗೂ ಸದ್ದಿಲ್ಲ.

ಮನೆಗೆ ಬಂದ ಸಂಜೆ ದೇವರ ಪೀಠದ ಮುಂದೆ ಮೇಣದಬತ್ತಿ ಹಚ್ಚಿದೆ. ಪ್ರಾರ್ಥನೆ ಮಾತ್ರ ಬರಲಿಲ್ಲ. ಎರಡೂ ಭಾಗ ನಾನೇ ಹೇಳಿದರೆ ಅವರು ಇಲ್ಲವೆಂದು ಒಪ್ಪಿಕೊಂಡ ಹಾಗಾಗುತ್ತದೆ ಅನಿಸಿತು. ಕೊನೆಗೆ ಅವರು, ಎಂದಿನಂತೆ, ಬತ್ತಿ ಆರಿಸಲು ಬಗ್ಗಿ ಊದಿದರು.

ಜ್ವಾಲೆ ಅಲುಗಲಿಲ್ಲ. ಕತ್ತಿನ ತೂತಿನ ಮೇಲಿದ್ದ ಗಾಜ್ ಬಟ್ಟೆ ಅಲುಗಿತು.

ಮರುದಿನ ಬತ್ತಿ ಹಚ್ಚಲಿಲ್ಲ. ಅದರ ಮರುದಿನವೂ ಇಲ್ಲ. ಭಾನುವಾರ ಚರ್ಚಿನ ಪೂಜೆಗೂ ಹೋಗಲಿಲ್ಲ. ಪ್ರಭುವೇ, ಇಷ್ಟು ವರ್ಷ ನಿಮ್ಮನ್ನು ಕರೆದ ಗಂಟಲೇ ಬೇಕಿತ್ತೆ ನಿಮಗೆ? ಪಾತ್ರೆ ಉಜ್ಜುತ್ತಾ ಕೇಳಿದ್ದು ಇದೊಂದೇ. ಇದನ್ನು ಪ್ರಾರ್ಥನೆ ಅನ್ನಬಹುದೋ ಇಲ್ಲವೋ, ಈಗಲೂ ತಿಳಿಯದು.

ಪಕ್ಕದ ಮನೆಯ ಜಯಮ್ಮ ದಂಟಿನ ಸೊಪ್ಪು ಕೊಡಲು ಬಂದವರು ಬಾಗಿಲಲ್ಲೇ ನಿಂತರು.

"ಏನ್ ಮೇರಮ್ಮ, ಸಂಜೆ ಒತ್ತು ನಿಮ್ಮನೇಲಿ ದನಿನೇ ಇಲ್ವಲ್ಲ. ನಿಮ್ ಪ್ರಾರ್ಥನೆ ಕೇಳ್ಕಂಡು ನಾನು ಅನ್ನಕ್ಕಿಡ್ತಿದ್ದೆ ಕಣವ್ವ. ಈಗ ದಿನಾ ಲೇಟು."

"ಅವರಿಗೆ ಮಾತಿಲ್ಲವಲ್ಲ ಜಯಮ್ಮ."

"ಅಣ್ಣಂಗಿಲ್ಲ, ಸರಿ. ನಿಂಗೇನಾಗದೆ ರೋಗ?"

ಅಂದುಬಿಟ್ಟು ಸೆರಗಿನಿಂದ ಕಣ್ಣೊರೆಸಿಕೊಂಡು ಹೋದರು. ಮಂಚದ ಮೇಲಿದ್ದ ಇವರ ಭುಜ ಕುಲುಕುತ್ತಿತ್ತು. ಗಾಬರಿಯಾಗಿ ಓಡಿದೆ. ನಗುತ್ತಿದ್ದರು.

ಆ ಸಂಜೆ ಅವರೇ ಎದ್ದು ಬತ್ತಿ ಹಚ್ಚಿದರು. ಜಪಸರ ನನ್ನ ಕೈಗಿಟ್ಟು, ಮಂಚದ ಅಂಚನ್ನು ಉಂಗುರದ ಬೆರಳಿನಿಂದ ಒಮ್ಮೆ ತಟ್ಟಿದರು. ತುಟಿ ಆಡತೊಡಗಿತು. ಸದ್ದಿಲ್ಲದ ಅವರ ಅರ್ಧ, ಅದೇ ನಿಧಾನ. ಮುಗಿದಾಗ ಇನ್ನೊಮ್ಮೆ ತಟ್ಟಿದರು.

ಈಗ ನನ್ನದು. ಹೇಳಿದೆ. ಪಾಪಿಗಳಾದ ನಮಗಾಗಿ, ಈಗಲೂ... ಅಲ್ಲಿಗೆ ನಿಂತೆ. ಮುಂದಿರುವುದು, ನಮ್ಮ ಮರಣದ ಸಮಯದಲ್ಲೂ ಪ್ರಾರ್ಥಿಸಿರಿ. ಹುಡುಗಿಯಾಗಿದ್ದಾಗಿನಿಂದ ಉರು ಹೊಡೆದ ಮಾತು. ಅದರಲ್ಲಿ ಸಾವಿದೆಯೆಂದು ಅವತ್ತೇ ಮೊದಲು ಕೇಳಿಸಿದ್ದು. ಅವರ ಕಣ್ಣೆದುರು ಹೇಗೆ ಹೇಳಲಿ? ಬಿಟ್ಟು ಮುಂದಿನ ಮಣಿಗೆ ಹೋಗೋಣವೆಂದು ಬೆರಳು ಸರಿಸಿದೆ.

ಅವರು ತಟ್ಟಲಿಲ್ಲ. ಬೆರಳೆತ್ತಿಕೊಂಡೇ ಕೂತರು. ನನ್ನನ್ನೇ ನೋಡುತ್ತಾ, ಅವಸರವಿಲ್ಲದೆ, ಕಾದರು.

ಹೇಳಿದೆ. ಪೂರ್ತಿ ಹೇಳಿದೆ.

ಅವರ ಬೆರಳು ಮಂಚವನ್ನು ತಟ್ಟಿತು.

ರೇಡಿಯೇಷನ್ ಇನ್ನೂ ಬಾಕಿ ಇದೆ. ಡಾಕ್ಟರು ಯಾವ ಭರವಸೆಯನ್ನೂ ಕೊಟ್ಟಿಲ್ಲ. ನಾನೂ ದೇವರನ್ನು ಕೇಳಲು ಹೆದರುತ್ತೇನೆ. ಸಂಜೆಯಾದರೆ ಬತ್ತಿ ಹಚ್ಚುತ್ತೇವೆ. ಆರಿಸುವಾಗ ಅವರು ಬೆರಳು ಒದ್ದೆ ಮಾಡಿಕೊಂಡು ಬತ್ತಿಯನ್ನು ಚಿವುಟುತ್ತಾರೆ. ಅಷ್ಟರಲ್ಲಿ ಜಯಮ್ಮನ ಕುಕ್ಕರ್ ಕೂಗುತ್ತದೆ.